ನೀರು ಹಾಕಿದ ಕೈ

"ನನ್ನ ಬಿಸಿಲು ಕದ್ದವರು ಯಾರು?"

ಬಾಗಿಲಲ್ಲಿ ನಿಂತು ಆ ಹುಡುಗಿ ಕೂಗಿದ ರಭಸಕ್ಕೆ ಹೊಲಿಗೆ ಮಿಷನ್‌ಗಳು ಒಂದೊಂದಾಗಿ ನಿಂತವು. ರಾಯದುರ್ಗದ ಆ ಜೀನ್ಸ್ ಯೂನಿಟ್‌ಗೆ ಕಳ್ಳತನದ ದೂರು ಹೊಸದೇನಲ್ಲ. ದಾರದ ಉಂಡೆ ಹೋಗಿತ್ತು, ಜಿಪ್ಪಿನ ಪೊಟ್ಟಣ ಹೋಗಿತ್ತು, ಒಮ್ಮೆ ಮಾಲೀಕರ ಟಿಫಿನ್ ಕ್ಯಾರಿಯರ್ ಕೂಡ ಹೋಗಿತ್ತು. ಆದರೆ ಬಿಸಿಲು?!

"ಏಮೈಂದಿ ಮಾಸ್ಟರ್?" ಎಂದು ಮೂಲೆಯಿಂದ ಯಾರೋ ಏನಾಯಿತೆಂದು ತೆಲುಗಿನಲ್ಲಿ ಕೇಳಿದರು.

ಕಟಿಂಗ್ ಮಾಸ್ಟರ್ ಮುತ್ತುರಾಜ್ ಟೇಬಲ್ಲಿನಿಂದ ತಲೆ ಎತ್ತಿದ. ಎತ್ತರದ ಆಳು. ಕೊರಳಲ್ಲಿ ಅಳತೆ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ.

"ಏನ್ ಕಳುವಾಗೈತ್ರಿ?"

"ಬಿಸಿಲು ಕಣ್ರಿ, ಬಿಸಿಲು! ಹಿತ್ತಲಲ್ಲಿ ನಿಮ್ಮೋರು ಹಗ್ಗ ಕಟ್ಟಿ ಒದ್ದೆ ಪ್ಯಾಂಟೆಲ್ಲ ನೇತು ಹಾಕವ್ರೆ. ಅದರ ನೆರಳು ಪೂರ್ತಿ ನನ್ನ ಕಡಲೆಕಾಯಿ ಗಿಡದ ಮೇಲೆ ಬಿದ್ದೈತೆ. ಬೆಳಿಗ್ಗೆಯಿಂದ ಒಂದೇ ಒಂದು ಎಲೆಗೂ ಬಿಸಿಲಿಲ್ಲ!"

ಅವನು ಅವಳನ್ನು ಒಂದು ಕ್ಷಣ ದಿಟ್ಟಿಸಿದ. ತುಟಿಯಂಚಿನಲ್ಲಿ ನಗು ತಡೆದುಕೊಂಡಿದ್ದು ಅವಳಿಗೆ ಕಂಡೇಬಿಟ್ಟಿತು.

"ರಾಯದುರ್ಗದಾಗ ನೆರಳು ಕೇಳ್ಕೊಂಡು ಬರೋರನ್ನ ಭಾಳ ನೋಡೀನ್ರಿ. ಬಿಸಿಲು ಕೇಳ್ಕೊಂಡು ಬಂದೋರು ನೀವ ಮೊದಲು."

ಇಡೀ ಯೂನಿಟ್ ಗೊಳ್ಳೆಂದು ನಕ್ಕಿತು. ಬಿಸಿಲು ಕೇಳಿ ಬಂದ ಪಾಲಮ್ಮನ ಮುಖ ಕೆಂಪಾಯಿತು. ಅವಳು ತಿರುಗಿ ಬಿರಬಿರನೆ ಹಿತ್ತಲಿಗೆ ಹೋಗಿಬಿಟ್ಟಳು. ಕಣ್ಣು ಬೇರೆ ತುಂಬಿಕೊಂಡಿತ್ತು... ಛೆ! ಇಷ್ಟು ಜನರ ಮುಂದೆ!

ಆದರೆ ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆ ಸದ್ದಾಯಿತು. ಮುತ್ತುರಾಜ್ ಒಬ್ಬನೇ ಬಂದು ಒದ್ದೆ ಪ್ಯಾಂಟುಗಳನ್ನೆಲ್ಲ ಹೆಗಲ ಮೇಲೆ ಹೇರಿಕೊಂಡು ಹಗ್ಗ ಬಿಚ್ಚಿದ. ಅವನ ಅಂಗಿಯಿಂದ ನೀಲಿ ನೀರು ತೊಟ್ಟಿಕ್ಕುತ್ತಿತ್ತು.

"ತಗೋರಿ, ನಿಮ್ಮ ಬಿಸಿಲು ನಿಮಗ. ಸರಿ ಐತಿ ಅಂತ ನೋಡ್ಕೊಂಡ್ಬಿಡ್ರಿ."

ಅವಳಿಗೆ ನಗು ಬಂತು. ಸಿಟ್ಟಿದ್ದ ಜಾಗದಲ್ಲಿ ನಗು ಬಂದರೆ ಹುಡುಗಿಯ ಕತೆ ಮುಗಿಯಿತು ಅಂತಲೇ ಲೆಕ್ಕ ಬಿಡಿ.

ಪಾಲಮ್ಮ ಮಡಕಶಿರಾ ಕಡೆಯ ಅಗಳಿಯವಳು. ಅವಳ ವಾರಿಗೆಯ ಹುಡುಗಿಯರೆಲ್ಲ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ ಬಸ್ಸು ಹತ್ತಿದಾಗ ಇವಳು ಹಟ ಹಿಡಿದು ಯೂನಿವರ್ಸಿಟಿಗೆ ಹೋಗುವ ಬಸ್ಸು ಹತ್ತಿದ್ದಳು. ಈಗ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತಿದ್ದಳು. ಬಿಸಿಲನ್ನು ಎಲೆ ಹೇಗೆ ಅನ್ನ ಮಾಡಿಕೊಳ್ಳುತ್ತದೆ, ನೀರು ಸಿಗದಿದ್ದಾಗ ಆ ಕೆಲಸ ಎಲೆಯೊಳಗೆ ಎಲ್ಲಿ ಕೆಡುತ್ತದೆ ಎನ್ನುವುದು ಅವಳ ಸಂಶೋಧನೆ. ಮಳೆ ಬಂದು ಪ್ರಯೋಗ ಕೆಡಿಸದ ಊರು ಬೇಕಿತ್ತು. ಅದಕ್ಕೇ ಅವಳ ಗೈಡ್ ರಾಯದುರ್ಗ ತೋರಿಸಿದ್ದರು. ಯೂನಿಟ್‌ನ ಹಿತ್ತಲನ್ನೂ ಪಕ್ಕದ ಕೋಣೆಯನ್ನೂ ಬಾಡಿಗೆಗೆ ಹಿಡಿದು, ಕುಂಡಗಳಲ್ಲಿ ಬೇರೆ ಬೇರೆ ತಳಿಯ ಕಡಲೆಕಾಯಿ ಗಿಡ ಬೆಳೆಸಿ, ಅವಕ್ಕೆ ನೀರು ನಿಲ್ಲಿಸಿ ಕಾಯುತ್ತಿದ್ದಳು.

ಹೌದು, ನೀರು ನಿಲ್ಲಿಸಿ! ಪ್ರಯೋಗವೇ ಅದು.

ಮುತ್ತುರಾಜ್ ಮರುದಿನವೂ ಬಂದ. ಅದರ ಮರುದಿನವೂ.

"ಎಲೀಗೆ ಬೆಳ್ಳಿ ಕಾಗದ ಯಾಕ ಸುತ್ತೀರಿ?"

"ಅಳತೆಗೆ ಮುಂಚೆ ಎಲೇನ ಸ್ವಲ್ಪ ಹೊತ್ತು ಕತ್ತಲೇಲಿ ಇಡಬೇಕು. ಆಮೇಲೆ ಒಂದೇ ಸಲ ಬೆಳಕು ಬಿಟ್ಟರೆ, ಎಷ್ಟು ಬೆಳಕು ಅದಕ್ಕೆ ದಕ್ತು ಅಂತ ಯೂನಿವರ್ಸಿಟಿಯಿಂದ ತಂದ ಈ ಮಿಷನ್ ಹೇಳ್ತದೆ. ಆದರೆ ಕಾಗದ ಗಾಳಿಗೆ ಹರಿದು ಹೋಗ್ತೈತೆ."

ಸಂಜೆಗೆ ಅವನು ದಪ್ಪ ಕರಿ ಜೀನ್ಸ್ ಬಟ್ಟೆಯಲ್ಲಿ ಎಲೆ ಹಿಡಿಸುವಷ್ಟು ಪುಟ್ಟ ಚೀಲಗಳನ್ನು ಹೊಲಿದು ತಂದ. ಒಂದೊಂದಕ್ಕೂ ಸಣ್ಣ ಗುಂಡಿ.

"ಎಲೀಗೆ ಪ್ಯಾಂಟ್ ಹೊಲಿದ ಮೊದಲ ಮಾಸ್ಟರ್ ನಾನ ಇರಬೇಕು, ಬಿಸಿಲಮ್ಮನೋರ!"

ಬಿಸಿಲಮ್ಮ! 'ಹಾಗೆಲ್ಲ ಕರೀಬೇಡಿ' ಎನ್ನಬೇಕೆಂದುಕೊಂಡಳು. ಅನ್ನಲಿಲ್ಲ.

ಅವನ ತಾಯಿ ಮೈಲಾರಮ್ಮ ಮಧ್ಯಾಹ್ನ ಮಗನಿಗೆ ಬುತ್ತಿ ತರುವಾಗ ಪಾಲಮ್ಮನಿಗೂ ಒಂದು ರೊಟ್ಟಿ ಹೆಚ್ಚಿಗೆ ತರತೊಡಗಿದಳು. ಭೈರವಾನಿತಿಪ್ಪದ ಕಡೆ ಕುರಿ ಮೇಯಿಸಿಕೊಂಡಿದ್ದ ಮನೆತನ. ಮಗನಿಗೆ ಕತ್ತರಿ ಕೆಲಸ ಸಿಕ್ಕ ಮೇಲೆ ಕುರಿ ಮಾರಿ ರಾಯದುರ್ಗಕ್ಕೆ ಬಂದಿದ್ದರು. ಬಾಡಿದ ಗಿಡಗಳನ್ನು ನೋಡಿ ಆ ಮುದುಕಿ ಪ್ರತಿದಿನ ಲೊಚಗುಟ್ಟುತ್ತಿದ್ದಳು.

"ಯಾಕವ್ವ ತಾಯಿ, ಇವುಗಳ ಬಾಯಿ ಕಟ್ಟೀದಿ? ನೋಡಾಕ ಆಗವಲ್ದು ನನಗ."

"ಇನ್ನು ಸ್ವಲ್ಪ ದಿನ ಅಷ್ಟೆ ಅವ್ವ. ಕೊನೇ ಅಳತೆ ಆದ ಮೇಲೆ ಎಲ್ಲಕ್ಕೂ ನಾನೇ ನೀರು ಹಾಕ್ತೀನಿ. ಯಾವ ತಳಿ ಮತ್ತೆ ಚೇತರಿಸ್ಕೊಳ್ತದೆ ಅಂತ ನೋಡಬೇಕು."

'ಅವ್ವ' ಎಂದು ಅವಳ ಬಾಯಿಂದ ತಾನಾಗಿ ಬಂದಿತ್ತು. ಮೈಲಾರಮ್ಮ ಮಗನ ಕಡೆ ಒಮ್ಮೆ, ಹುಡುಗಿಯ ಕಡೆ ಒಮ್ಮೆ ನೋಡಿ ಸುಮ್ಮನೆ ಬುತ್ತಿ ಕಟ್ಟಿಕೊಂಡಳು. ತಾಯಂದಿರಿಗೆ ಯಾರೂ ಏನೂ ಹೇಳಬೇಕಾಗಿಲ್ಲ.

ಕೊನೆಯ ಅಳತೆಗೆ ಎರಡು ದಿನ ಇರುವಾಗ ಪಾಲಮ್ಮ ಕುಣಿಯುತ್ತಾ ಬಂದಳು.

"ಮುತ್ತುರಾಜ್! ನನ್ನ ಗೈಡ್ ಫೋನ್ ಮಾಡಿದ್ರು. ಈ ಫಲಿತಾಂಶ ಸರಿಯಾಗಿ ಬಂದರೆ ಜರ್ಮನಿಯ ಲ್ಯಾಬ್‌ಗೆ ಹೋಗಬಹುದಂತೆ. ಎರಡು ವರ್ಷ! ನಾನು ಹೋಗ್ತೀನಿ!"

ಅವನ ಮುಖ ಸಣ್ಣಗಾಯಿತು. ಬರೀ ಒಂದು ಕ್ಷಣ. ಆಮೇಲೆ, "ಹೌದೇನ್ರಿ... ಭಾಳ ಚಲೋ ಆತು" ಎಂದ.

ಆ ಒಂದು ಕ್ಷಣವನ್ನು ಅವಳು ನೋಡಿಬಿಟ್ಟಿದ್ದಳು. ನೋಡದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಕೊನೆಯ ಅಳತೆಯ ದಿನ ಅವಳು ಮಿಷನ್ ಹಿಡಿದು ಹಿತ್ತಲಿಗೆ ಬಂದಾಗ ಕುಂಡಗಳ ಕೆಳಗೆ ನೆಲ ಒದ್ದೆಯಾಗಿತ್ತು.

ಎಲ್ಲ ಕುಂಡಗಳೂ... ಒಂದನ್ನೂ ಬಿಡದೆ...

ಮಣ್ಣಿಗೆ ಬೆರಳಿಟ್ಟಳು. ಕೆಸರು. ಎಲೆಗಳು ಆಗಲೇ ನಿಧಾನಕ್ಕೆ ತಲೆ ಎತ್ತುತ್ತಿದ್ದವು. ಮಿಷನ್ ಮರುದಿನ ಯೂನಿವರ್ಸಿಟಿಗೆ ವಾಪಸ್ ಹೋಗಬೇಕು. ಇನ್ನೊಂದು ಬೆಳೆ ಅಂದರೆ ಇನ್ನೊಂದು ವರ್ಷ. ಜರ್ಮನಿ ಅಲ್ಲಿಯತನಕ ಕಾಯುವುದಿಲ್ಲ.

ಅವಳು ಎದ್ದು ನಿಂತು, ಎದೆ ಒಡೆಯುವ ಹಾಗೆ ಕಿರುಚಿದಳು.

"ಯಾರು ನೀರು ಹಾಕಿದ್ದು? ಯಾವ ಜನ್ಮದ ಹಗೆ ನಿಮಗೆ? ಈ ಗಿಡಕ್ಕೆ ನೀರು ಹಾಕಿದ ಕೈ ಸೇದಿಹೋಗಲಿ!"

ಕೆಲಸದವರೆಲ್ಲ ಹಿತ್ತಲ ಬಾಗಿಲಿಗೆ ಓಡಿ ಬಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುತ್ತುರಾಜ್ ಜನರನ್ನು ಸರಿಸಿ ಮುಂದೆ ಬಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾನ ಹಾಕೀನಿ."

"ಏನು?"

"ನೀರು ನಾನ ಹಾಕೀನ್ರಿ. ಆ ಕೈ ನಂದ. ಏನಾಗೋದಿದ್ರೂ ನನಗ ಆಗ್ಲಿ."

ಸುಳ್ಳು! ನೀರು ಹಾಕಿದ್ದು ಅವನಲ್ಲ. ಅವನ ಬೆನ್ನ ಹಿಂದೆ, ಅವನೇ ಎಳೆದು ಹಾಕಿದ್ದ ಯೂನಿಟ್‌ನ ಒಳಕೋಣೆಯ ಬಾಗಿಲಿನ ಆಚೆ, ಮೈಲಾರಮ್ಮ ನಿಂತಿದ್ದಳು. ಮೈ ಮೇಲೆ ಹೊಸ ಸೀರೆ, ಕಾಲ ಬಳಿ ಖಾಲಿ ಕೊಡ. ಹೊರಗೆ ಬರಲು ಬಾಗಿಲು ದೂಡುತ್ತಿದ್ದಳು. ಮಗ ಚಿಲಕ ಹಾಕಿಬಿಟ್ಟಿದ್ದ.

ಪಾಲಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಅವಳಿಗೆ ನೆನಪಾದದ್ದು ಎರಡು ದಿನದ ಹಿಂದೆ ಸಣ್ಣಗಾದ ಆ ಮುಖ ಮಾತ್ರ.

"ನಾನು ಹೋಗಬಾರದು ಅಂತ... ಅದಕ್ಕೇ ಮಾಡಿದ್ರಿ ಅಲ್ವಾ?"

ಅವನು ತುಟಿ ಕಚ್ಚಿಕೊಂಡು ನಿಂತ.

"ಹೇಳಿ! ನಿಮ್ಮ ಹತ್ರಾನೇ ಬಿದ್ದಿರಲಿ ಅಂತ ನನ್ನ ಓದು ಹಾಳು ಮಾಡಿದ್ರಿ ಅಲ್ವಾ? ನಾನು ನಿಮ್ಮನ್ನ ಏನಂತ ತಿಳ್ಕೊಂಡಿದ್ದೆ ಗೊತ್ತಾ?"

ಒಂದು ಮಾತು... 'ಅಲ್ಲ' ಎನ್ನುವ ಒಂದು ಮಾತು ಅವನು ಆಡಿದ್ದರೆ ಅವಳು ನಂಬಿಬಿಡುತ್ತಿದ್ದಳು. ನಂಬಲು ಕಾದು ನಿಂತಿದ್ದಳು. ಅವನು ತಲೆ ತಗ್ಗಿಸಿದ.

ಅವತ್ತೇ ಅವಳು ಕುಂಡಗಳನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಪಕ್ಕದ ಸೀಟಿನ ಹೆಂಗಸು, "ಯಾರು ಹೋಗಿಬಿಟ್ರವ್ವ?" ಎಂದು ಕೇಳಿದಾಗ ಇನ್ನೂ ಜೋರಾಗಿ ಅತ್ತಳು.

ಆಮೇಲೆ ಮುತ್ತುರಾಜ್ ಒಮ್ಮೆ ಯೂನಿವರ್ಸಿಟಿ ಹಾಸ್ಟೆಲಿನ ಗೇಟಿಗೆ ಬಂದಿದ್ದ. ಅವಳು 'ಇಲ್ಲ ಅಂತ ಹೇಳಿ' ಎಂದು ಹೇಳಿ ಕಳಿಸಿದಳು. ಮೇಲಿನ ಕಿಟಕಿಯಿಂದ ಅವನು ವಾಪಸ್ ನಡೆದು ಹೋಗುವುದನ್ನು ನೋಡಿದಳು. ಅವನು ಕಣ್ಮರೆಯಾದ ಮೇಲೂ ಕಿಟಕಿ ಬಿಟ್ಟು ಬರಲಿಲ್ಲ.

ಜರ್ಮನಿ ತಪ್ಪಿತು. ಬೇರೆ ಹುಡುಗ ಹೋದ. ಪಾಲಮ್ಮ ಮತ್ತೆ ಬಿತ್ತಿದಳು, ಮತ್ತೆ ಅಳೆದಳು. ಡಾಕ್ಟರೇಟ್ ಬಂತು, ಕೆಲಸ ಬಂತು, ಹೆಸರೂ ಬಂತು. ನೀರಿಲ್ಲದ ಎಲೆ ಬಿಸಿಲನ್ನು ಹೇಗೆ ತಾಳುತ್ತದೆ ಎಂಬ ಅವಳ ಬರಹವನ್ನು ದೂರ ದೂರದವರು ಓದಿದರು. ಮಡಕಶಿರಾ ಸುತ್ತಿನ ಹೊಲಗಳಲ್ಲೇ ತಳಿಗಳ ಪರೀಕ್ಷೆ ನಡೆಸುವ ವಿಜ್ಞಾನಿಯಾಗಿ, 'ಡಾಕ್ಟರ್ ಪಾಲಮ್ಮ ಮೇಡಂ' ಆಗಿ, ಸ್ವಂತ ಜೀಪಿನಲ್ಲಿ ಊರಿಗೆ ಬಂದಳು.

ಗಂಡು ನೋಡಿ ನೋಡಿ ಮನೆಯವರು ಸೋತು ಬಿಟ್ಟರು. "ಏನಮ್ಮಿ, ಗಿಡಾನೇ ಮದ್ವೆ ಆಗ್ತೀಯಾ?" ಎಂದು ಅಕ್ಕ ರೇಗಿದಳು. ಪಾಲಮ್ಮ ನಕ್ಕು ಹೊಲಕ್ಕೆ ಹೋದಳು.

ಸಂತೆಯಲ್ಲಿ ರಾಯದುರ್ಗದ ಜೀನ್ಸ್ ಗುಡ್ಡೆ ಹಾಕಿ ಮಾರುವವರು ಕಂಡರೆ ಮಾತ್ರ ಅವಳು ಆಚೆ ಬದಿಯಿಂದ ಹೋಗುತ್ತಿದ್ದಳು. ಅಷ್ಟು ವರ್ಷ ದ್ವೇಷ ಮಾಡಿದ್ದಳು. ದ್ವೇಷ ಮಾಡುತ್ತಲೇ ಅವನೊಬ್ಬನನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಇದೆಂಥ ಹಾಳು ಪ್ರೀತಿಯೋ ನೀವೇ ಹೇಳಿ!

ಒಂದು ಮಧ್ಯಾಹ್ನ ಅಗಳಿಯ ಪರೀಕ್ಷಾ ಹೊಲದ ಬದುವಿನ ಮೇಲೆ ಒಬ್ಬ ಗಂಡಸು ನಿಂತಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದಳು. ತಲೆ ನರೆತಿತ್ತು. ಕಿವಿಯ ಸಂದಿಯಲ್ಲಿ ಏನೂ ಇರಲಿಲ್ಲ. ಆದರೂ...

ಅವಳು ಕೈಯಲ್ಲಿದ್ದ ಮಿಷನ್ ಕೆಳಗಿಟ್ಟಳು.

"ಆರಾಮ್ ಇದೀರೇನ್ರಿ?"

ಆ ದನಿ! ಒಂದು ದಿನವೂ ಮರೆಯದ ಆ ದನಿ!

"ಯಾಕೆ ಬಂದ್ರಿ?" ಎಂದಳು. ಗಟ್ಟಿಯಾಗಿ ಕೇಳಬೇಕೆಂದುಕೊಂಡಿದ್ದು ಪಿಸುಮಾತಾಗಿ ಬಂತು.

"ಒಂದು ಮಾತು ಹೇಳಿ ಹೋಗ್ತೀನಿ. ಭಾಳ ಹೊತ್ತು ನಿಲ್ಲಂಗಿಲ್ಲ." ಅವನು ಚಪ್ಪಲಿ ಬಿಟ್ಟು ಬದುವಿನ ಮೇಲೆ ಕುಳಿತ. "ಅವ್ವ ಹೋದ್ಲು. ಹೋದ ತಿಂಗಳು. ಬೆಂಗಳೂರಿನಾಗ ಗಾರ್ಮೆಂಟ್ಸ್‌ನಾಗ ಇದ್ದೆ ನಾನು, ಅಲ್ಲೇ ರೂಮಿನಾಗ. ನಿದ್ದೀ ಒಳಗ ಹೋದ್ಲು. ಕೈಕಾಲೆಲ್ಲ ಗಟ್ಟಿ ಇತ್ತು ಕಡೀತನಕ. ಏನೂ ನರಳಲಿಲ್ಲ."

ಆ ರೊಟ್ಟಿ... ಆ ಲೊಚಗುಟ್ಟುವಿಕೆ... "ಅಯ್ಯೋ ಅವ್ವ" ಎಂದಳು ಪಾಲಮ್ಮ.

"ಈಗ ಹೇಳಬಹುದ್ರಿ. ಇನ್ನ ಯಾರ ಶಾಪಾನೂ ಅಕೀನ ಮುಟ್ಟಂಗಿಲ್ಲ."

"ಶಾಪ? ಯಾವ ಶಾಪ?"

ಅವನು ಆಶ್ಚರ್ಯದಿಂದ ಅವಳ ಮುಖ ನೋಡಿದ. "ನೀವು ಅಂದಿದ್ರಲ್ರಿ. ನೀರು ಹಾಕಿದ ಕೈ ಸೇದಿಹೋಗಲಿ ಅಂತ."

ಅವಳಿಗೆ ನೆನಪಿರಲಿಲ್ಲ.

ನೋಡಿ, ಇದನ್ನು ಹೇಳಲು ನನಗೂ ಸಂಕಟವಾಗುತ್ತದೆ. ಅವಳಿಗೆ ಆ ಮಾತು ನೆನಪೇ ಇರಲಿಲ್ಲ! ಅಗಳಿಯಲ್ಲಿ ಸೊಪ್ಪು ಮೇಯ್ದ ಮೇಕೆಗೂ, ದಾರಿಗೆ ಅಡ್ಡ ಬಂದ ಆಟೋಗೂ ಅಂಥ ಮಾತು ಆಡುತ್ತಾರೆ, ಮರೆಯುತ್ತಾರೆ.

"ಹಾಗಂದಿದ್ನಾ ನಾನು...?"

"ನಮ್ಮ ಕಡೆ ಅದು ದೊಡ್ಡ ಮಾತ್ರಿ. ಹೆಣ್ಣುಮಗಳು ಹೊಟ್ಟಿ ಉರಿದು ಆಡಿದ್ದು ತಟ್ಟದ ಬಿಡಂಗಿಲ್ಲ ಅಂತಾರ. ಅವ್ವ ಬಾಗಿಲ ಹಿಂದ ನಿಂತು ಕೇಳಿಸ್ಕೊಂಡ್ಲು. ಗಡಗಡ ನಡುಗಿದ್ಲು. ಅದಕ್ಕ ಆ ಕೈ ನಂದು ಅಂತ ಹೇಳಿದೆ. ನಂದು ಅಂದ್ರ ನನಗ ಬರ್ತದ, ಅಕೀಗೆ ಬರಂಗಿಲ್ಲ ಅಂತ. ನಿಜ ಹೇಳಿದ ದಿನ ಮತ್ತೆ ಅಕಿ ಮ್ಯಾಲೇ ಹೋಗ್ತದಲ್ರಿ... ಹೆಂಗ ಹೇಳಲಿ? ಹಾಸ್ಟೆಲಿಗೆ ಬಂದಾಗೂ ನಿಜ ಹೇಳಾಕ ಬಂದಿದ್ದಿಲ್ಲ. ಆ ಮಾತು ವಾಪಸ್ ತಗೋರಿ ಅಂತ ಕೇಳಾಕ ಬಂದಿದ್ದೆ."

ಪಾಲಮ್ಮ ಅವನ ಪಕ್ಕ ಬದುವಿನ ಮೇಲೆ ಕುಳಿತಳು. ಅವನ ಮಾತು ಕಿವಿಗೆ ಬೀಳುತ್ತಿತ್ತು, ತಲೆಗೆ ಹತ್ತುತ್ತಿರಲಿಲ್ಲ.

"ಅವ್ವ ನೀರು ಹಾಕಿದ್ಲಾ? ಗಿಡ ಬಾಡಿದ್ದು ನೋಡಕ್ಕಾಗ್ದೆ?"

"ಅಲ್ರಿ..." ಅವನು ಬದುವಿನ ಹುಲ್ಲೊಂದನ್ನು ಕಿತ್ತ. "ಅವತ್ತು ಅಕಿ ನಿಮ್ಮನ್ನ ಕೇಳಾಕ ಬಂದಿದ್ಲು. ನನಗ. ಹೊಸ ಸೀರೆ ಉಟ್ಕೊಂಡು."

"ಏನು...?"

"ನೀವು ಜರ್ಮನಿಗೆ ಹೋಗ್ತೀರಿ ಅಂತ ಮನ್ಯಾಗ ಹೇಳಿದೆ. ಹೋಗೋದ್ರೊಳಗ ಹುಡುಗೀ ಕಿವಿಮ್ಯಾಲೆ ಮಾತು ಹಾಕಿಬಿಡ್ತೀನಿ, ಆರಾಮಾಗಿ ಹೋಗಿ ಬರ್ಲಿ ಅಂದ್ಲು. ನಮ್ಮ ಮನೆತನದಾಗ ಒಂದು ರೂಢಿ ಐತ್ರಿ. ಹೆಣ್ಣು ಕೇಳಾಕ ಹೋದಲ್ಲಿ ಮೊದಲ ಬಾಯಿ ತೆಗೀಬಾರದು. ಅವರ ಕುರಿಗೆ ನೀರು ಸೇದಿ ಕುಡಿಸಿ, ಆಮ್ಯಾಲೆ ಹೆಣ್ಣು ಕೇಳಬೇಕು. ನಿಮ್ಮತ್ರ ಕುರಿ ಇದ್ದಿಲ್ಲ. ಗಿಡ ಇದ್ವು."

ಹೊಲದ ಆಚೆಯಿಂದ ಒಂದು ಆಟೋ ಸದ್ದು ಮಾಡುತ್ತಾ ಹೋಯಿತು. ಅದರ ಸದ್ದು ಪೂರ್ತಿ ಕರಗುವ ತನಕ ಪಾಲಮ್ಮ ಉಸಿರೇ ಬಿಡಲಿಲ್ಲ. ಆಮೇಲೆ ಅತ್ತಳು. ಮಣ್ಣಿನ ಮೇಲೆ ಎರಡೂ ಕೈ ಊರಿ, ಚಿಕ್ಕ ಹುಡುಗಿಯ ಹಾಗೆ, ದನಿ ತೆಗೆದು ಅತ್ತಳು. ಕೊಡದ ಮೇಲೆ ಕೊಡ ಹೊತ್ತು ತಂದು, ನನ್ನ ಬಾಗಿಲಲ್ಲಿ ಹೆಣ್ಣು ಕೇಳಲು ನಿಂತ ಆ ಮುದುಕಿಯ ಕೈಗೆ ಏನಂದುಬಿಟ್ಟೆ ನಾನು!

"ಅಳಬ್ಯಾಡ್ರಿ. ನಿಮ್ಮ ಮ್ಯಾಲೆ ಅಕೀಗೆ ಸಿಟ್ಟಿದ್ದಿಲ್ಲ. 'ಇನ್ನು ಸ್ವಲ್ಪ ದಿನ ಅಂದಿದ್ಲು, ಆ ದಿನ ಆತು ಅನ್ಕೊಂಡೆ, ನೀರು ಹಾಕಿದ್ದು ತಪ್ಪು ಹೆಂಗಾತಪ್ಪಾ' ಅಂತ ಕೇಳ್ತಿದ್ಲು ನೋಡ್ರಿ, ಅದೊಂದು ತಿಳೀಲಿಲ್ಲ ಅಕೀಗೆ. ನಾನೂ ತಿಳಿಸಾಕ ಹೋಗ್ಲಿಲ್ಲ."

"ನೀವು... ಮದುವೆ?"

"ಇಲ್ರಿ."

ಅಷ್ಟೇ ಹೇಳಿದ. ಯಾಕೆ ಎಂದು ಅವಳೂ ಕೇಳಲಿಲ್ಲ.

ಅವನು ಎದ್ದು ಚಪ್ಪಲಿ ಹಾಕಿಕೊಂಡ. "ಬಂದ ಕೆಲಸ ಆತು. ನಿಮ್ಮ ಓದು ಕೆಡಿಸಬೇಕು ಅಂತ ನಾನು ಎಂದೂ ಅಂದ್ಕೊಂಡಿದ್ದಿಲ್ಲ, ಅಷ್ಟು ನಂಬ್ರಿ ಸಾಕು. ಬರ್ತೀನಿ."

"ಮುಂದಿನ ತಿಂಗಳು ನನಗೆ ಹೈದರಾಬಾದಿಗೆ ವರ್ಗ ಆಗೈತೆ" ಎಂದಳು ಪಾಲಮ್ಮ ಅವನ ಬೆನ್ನಿಗೆ. ಯಾಕೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. "ದೊಡ್ಡ ಲ್ಯಾಬು. ನಾನು ಹೋಗ್ತೀನಿ."

ಅವನು ತಿರುಗಿದ. ಮುಖ ಒಂದು ಕ್ಷಣ ಸಣ್ಣಗಾಯಿತು. ಆಮೇಲೆ, "ಭಾಳ ಚಲೋ ಆತ್ರಿ" ಎಂದ.

ಅದೇ ಮುಖ! ಈ ಸಲ ಅವಳು ಬಿಡಲಿಲ್ಲ.

"ಅವತ್ತೂ ಹೀಗೇ ಆದ್ರಿ. ಜರ್ಮನಿಗೆ ಹೋಗ್ತೀನಿ ಅಂದಾಗ. ಹೋಗಬೇಡ ಅನ್ನೋದಿತ್ತಾ ಮನಸ್ಸಲ್ಲಿ?"

"ಛೆ ಛೆ! ಹೋಗಬ್ಯಾಡ ಅನ್ನಾಕ ನಾನ್ಯಾರ್ರಿ?"

"ಮತ್ತೆ?"

ಅವನು ನೆಲ ನೋಡಿದ. ಹೇಳಲೋ ಬೇಡವೋ ಎಂದು ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದ.

"ನೀವು 'ಹೋಗ್ತೀನಿ' ಅಂದ್ರಿ. 'ಬರ್ತೀರಾ' ಅನ್ನಲಿಲ್ಲ."

ಪಾಲಮ್ಮ ಅವನನ್ನೇ ನೋಡಿದಳು. ಹೌದು... ಕೇಳಿರಲಿಲ್ಲ. ಅವಳ ಓದು, ಅವಳ ಎಲೆ, ಅವಳ ಬೆಳಕು ಎಲ್ಲದರ ಬಗ್ಗೆ ಮಾತಾಡಿದ್ದಳು. ಇದೊಂದನ್ನು ಕೇಳಬಹುದು ಎಂದೇ ಹೊಳೆದಿರಲಿಲ್ಲ.

"ಕೇಳಿದ್ರೆ ಬರ್ತಿದ್ರಾ? ಅಷ್ಟು ದೂರ?"

"ಜರ್ಮನಿಯಾಗೂ ಮಂದಿ ಪ್ಯಾಂಟ್ ಹಾಕ್ತಾರಲ್ರಿ!"

ಅವಳು ನಕ್ಕಳು. ನಗುತ್ತಲೇ ಮತ್ತೆ ಅಳು ಬಂತು. ಎಷ್ಟು ವರ್ಷ! ಇಬ್ಬರ ತಲೆಯೂ ನರೆಯುವಷ್ಟು ವರ್ಷ ಸುಮ್ಮನೆ ಹೋಗಿಬಿಟ್ಟಿತಲ್ಲ!

"ಮುತ್ತುರಾಜ್... ನನ್ನ ಜೊತೆ ಹೈದರಾಬಾದಿಗೆ ಬರ್ತೀರಾ?"

ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಪಾಲಮ್ಮ ಹತ್ತಿರ ಹೋಗಿ, ಮಣ್ಣಾದ ತನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಕೈ ಹಿಡಿದು ಕೆಳಗಿಳಿಸಿದಳು.

"ಬರ್ತೀನಿ" ಎಂದ ಅವನು. "ಆದ್ರ ಅವ್ವ ನಿಮಗೊಂದು ಮಾತು ಕೇಳೋದಿತ್ತು. ಅಕಿ ಬಾಯಾಗ ಉಳದು ಹೋತು. ನಾಳೆ ಅಕೀನ ಮಣ್ಣು ಮಾಡಿದಲ್ಲಿಗೆ ಹೊಂಟೀನಿ. ಏನಂತ ಹೇಳಲಿ?"

ಪಾಲಮ್ಮ ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ನೀವೇನೂ ಹೇಳಬೇಡಿ. ನಾನೂ ಬರ್ತೀನಿ. ಅತ್ತೆಗೆ ನಾನೇ ಹೇಳ್ತೀನಿ, ಒಪ್ಪಿದೀನಿ ಅಂತ."